ಓದುಗರ ಪ್ರಶ್ನೆ, ನಮ್ಮ ಉತ್ತರ: ಎಕ್ಸ್‌ಪರ್ಟ್ ಸಿಸ್ಟಂ ಒಳಗೆ ಏನಿರುತ್ತದೆ?

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಕೃತಕ ಬುದ್ಧಿಮತ್ತೆಯ ಬಗ್ಗೆ, ಅದರಲ್ಲೂ ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯವಾಗಿ ಬಂದು ಹೋಗುವ ಎಕ್ಸ್‌ಪರ್ಟ್ ಸಿಸ್ಟಂ ಬಗ್ಗೆ ಇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕೃತಕ ಬುದ್ಧಿಮತ್ತೆ, ಎಕ್ಸ್‌ಪರ್ಟ್ ಸಿಸ್ಟಂ ಎರಡೂ ಒಂದೇನಾ? ಈಗ ಮೊಬೈಲಿನಲ್ಲಿ ಮಾತಾಡಿಸುವ ಚಾಟ್‌ಬಾಟ್‌ಗಳೂ ಎಕ್ಸ್‌ಪರ್ಟ್ ಸಿಸ್ಟಂಗಳೇ?

ಉತ್ತರ: ಎರಡೂ ಒಂದಲ್ಲ, ಚಾಟ್‌ಬಾಟ್‌ಗಳು ಎಕ್ಸ್‌ಪರ್ಟ್ ಸಿಸ್ಟಂಗಳೂ ಅಲ್ಲ. ಕೃತಕ ಬುದ್ಧಿಮತ್ತೆ ಎನ್ನುವುದು ಇಡೀ ಕ್ಷೇತ್ರದ ಹೆಸರು. ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ನಥಾನಿಯಲ್ ರಾಚೆಸ್ಟರ್, ಕ್ಲಾಡ್ ಶಾನನ್ ನಾಲ್ವರೂ ಸೇರಿ 1955ರಲ್ಲಿ ಬರೆದ ಒಂದು ಪ್ರಸ್ತಾವದಲ್ಲಿ ಆ ಹೆಸರು ಬಂತು. ಮರುವರ್ಷ ಬೇಸಿಗೆಯಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಆಸಕ್ತರು ಸೇರಿ ಚರ್ಚಿಸಿದರು. ಆರಂಭದ ವರ್ಷಗಳಲ್ಲಿ ಹೆಚ್ಚಿನವರ ಆಸೆ ಒಂದೇ ಆಗಿತ್ತು: ಯಾವ ಸಮಸ್ಯೆ ಕೊಟ್ಟರೂ ಬಿಡಿಸಬಲ್ಲ ಒಂದು ಸಾಮಾನ್ಯ ತರ್ಕವಿಧಾನ. ಒಗಟು, ಚದುರಂಗ, ಪ್ರಮೇಯಗಳಲ್ಲಿ ಅದು ಒಂದು ಮಟ್ಟಕ್ಕೆ ನಡೆಯಿತು. ನಿಜವಾದ ಕೆಲಸಗಳ ಮುಂದೆ ನಿಂತಾಗ ಸಾಲದೆ ಹೋಯಿತು.

ತಿರುವು ಬಂದದ್ದು 1965ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಡೆಂಡ್ರಾಲ್ ಯೋಜನೆಯಿಂದ. ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುವಿನ ಚೂರುಗಳ ತೂಕ ಅಳೆಯುವ ಉಪಕರಣ, ಕೊಡುವ ಅಂಕಿಗಳನ್ನು ನೋಡಿ ಒಂದು ಸಾವಯವ ಅಣುವಿನ ರಚನೆ ಹೀಗಿರಬಹುದು ಎಂದು ಹೇಳುವುದು ಅದರ ಕೆಲಸ. ಎಡ್ವರ್ಡ್ ಫೈಗನ್‌ಬಾಮ್, ಬ್ರೂಸ್ ಬುಕಾನನ್ ಕಂಪ್ಯೂಟರ್ ಕಡೆಯವರು. ಜೋಶುವಾ ಲೆಡರ್‌ಬರ್ಗ್, ಕಾರ್ಲ್ ಜೆರಾಸಿ ವಿಜ್ಞಾನದ ಕಡೆಯವರು. ರಸಾಯನ ವಿಜ್ಞಾನಿಗಳ ತಲೆಯಲ್ಲಿದ್ದ ‘ಇಂಥ ಗೆರೆ ಕಂಡರೆ ಇಂಥ ಗುಂಪು ಇರುತ್ತದೆ’ ಎಂಬ ಸಣ್ಣ ಸಣ್ಣ ತಿಳಿವಳಿಕೆಗಳನ್ನು ಸೇರಿಸುತ್ತ ಹೋದಂತೆ ಪ್ರೋಗ್ರಾಂ ಚುರುಕಾಯಿತು. ತರ್ಕದ ಭಾಗ ಸರಳವಾಗಿದ್ದರೂ ಸರಿ, ವಿಷಯದ ಜ್ಞಾನ ಗಟ್ಟಿಯಾಗಿದ್ದರೆ ಕೆಲಸ ನಡೆಯುತ್ತದೆ ಎಂಬುದು ಅಲ್ಲಿ ಸಿಕ್ಕಿದ ಪಾಠ. ಒಂದು ಕಿರಿದಾದ ವಿಷಯದಲ್ಲಿ ಪರಿಣತರ ತಿಳಿವಳಿಕೆಯನ್ನು ಬಿಡಿಬಿಡಿಯಾಗಿ ಬರೆದಿಟ್ಟು, ಅದರ ಮೇಲೆ ತರ್ಕ ಓಡಿಸಿ ಸಲಹೆ ಕೊಡುವ ಪ್ರೋಗ್ರಾಂಗೇ ಎಕ್ಸ್‌ಪರ್ಟ್ ಸಿಸ್ಟಂ ಎನ್ನುತ್ತಾರೆ. ಕನ್ನಡದಲ್ಲಿ ಪರಿಣತ ವ್ಯವಸ್ಥೆ ಎನ್ನಬಹುದು.

ಈಗಿನ ಚಾಟ್‌ಬಾಟ್ ನಡೆಯುವುದು ಬೇರೆ ದಾರಿಯಲ್ಲಿ. ಅದರೊಳಗೆ ಯಾರೂ ಕೂತು ನಿಯಮ ಬರೆದಿಲ್ಲ. ಅಪಾರ ಪಠ್ಯ ಉಣಿಸಿ, ಮುಂದಿನ ಪದ ಯಾವುದಿರಬಹುದು ಎಂದು ಊಹಿಸುವಂತೆ ಕೋಟ್ಯಂತರ ಸಂಖ್ಯೆಗಳನ್ನು ಹದಗೊಳಿಸಿರುತ್ತಾರೆ. ಒಂದರಲ್ಲಿ ಜ್ಞಾನ ಓದಲು ಬರುವ ವಾಕ್ಯಗಳಲ್ಲಿದೆ, ಇನ್ನೊಂದರಲ್ಲಿ ಓದಲು ಬಾರದ ಸಂಖ್ಯೆಗಳಲ್ಲಿದೆ. ಕೆಳಗಿನ ಉತ್ತರಗಳಲ್ಲಿ ಮತ್ತೆ ಮತ್ತೆ ಬರುವುದು ಈ ವ್ಯತ್ಯಾಸವೇ.

ಪ್ರಶ್ನೆ: ಪುಸ್ತಕದಲ್ಲಿ ನಾಲೆಡ್ಜ್ ಬೇಸ್, ಇನ್‌ಫರೆನ್ಸ್ ಎಂಜಿನ್, ವರ್ಕಿಂಗ್ ಮೆಮೊರಿ ಎಂದು ಚೌಕಗಳ ಚಿತ್ರ ಇದೆ. ಚಿತ್ರ ಬರೆಯಲು ಬರುತ್ತದೆ, ಆದರೆ ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವುದಿಲ್ಲ. ಫಾರ್ವರ್ಡ್ ಚೈನಿಂಗ್, ಬ್ಯಾಕ್‌ವರ್ಡ್ ಚೈನಿಂಗ್ ಎಂದರೇನು?

ಉತ್ತರ: ಚೌಕಗಳನ್ನು ಬದಿಗಿಟ್ಟು ಒಂದು ಸಣ್ಣ ವ್ಯವಸ್ಥೆಯನ್ನೇ ಕಟ್ಟಿ ನೋಡೋಣ. ಪೆಟ್ರೋಲ್ ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಮೆಕ್ಯಾನಿಕ್ ಹೇಳಿದ್ದನ್ನು ಐದು ನಿಯಮಗಳಾಗಿ ಬರೆದುಕೊಂಡಿದ್ದೇವೆ ಎಂದುಕೊಳ್ಳಿ.

ನಿಯಮ 1: ಸ್ಟಾರ್ಟರ್ ತಿರುಗುವುದಿಲ್ಲ, ಹೆಡ್‌ಲೈಟ್ ಮಂಕಾಗಿದೆ ಎಂದಾದರೆ ಬ್ಯಾಟರಿ ಇಳಿದಿದೆ.
ನಿಯಮ 2: ಸ್ಟಾರ್ಟರ್ ತಿರುಗುವುದಿಲ್ಲ, ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ ಎಂದಾದರೆ ಸ್ಟಾರ್ಟರಿನ ಕಡೆ ದೋಷವಿದೆ.
ನಿಯಮ 3: ಸ್ಟಾರ್ಟರ್ ತಿರುಗುತ್ತದೆ, ಪ್ಲಗ್‌ನಲ್ಲಿ ಕಿಡಿ ಇಲ್ಲ ಎಂದಾದರೆ ಇಗ್ನಿಷನ್ ದೋಷ.
ನಿಯಮ 4: ಸ್ಟಾರ್ಟರ್ ತಿರುಗುತ್ತದೆ, ಕಿಡಿ ಇದೆ, ಪ್ಲಗ್ ಒಣಗಿದೆ ಎಂದಾದರೆ ಪೆಟ್ರೋಲ್ ಎಂಜಿನ್‌ಗೆ ಬರುತ್ತಿಲ್ಲ.
ನಿಯಮ 5: ಪೆಟ್ರೋಲ್ ಎಂಜಿನ್‌ಗೆ ಬರುತ್ತಿಲ್ಲ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ ಎಂದಾದರೆ ಫಿಲ್ಟರ್ ಅಥವಾ ಪಂಪ್ ಕಡೆ ಅಡಚಣೆ.

ಈ ಐದು ಸಾಲುಗಳೇ ನಾಲೆಡ್ಜ್ ಬೇಸ್. ಈಗ ನಿಂತಿರುವ ಈ ಒಂದು ಗಾಡಿಯ ಬಗ್ಗೆ ತಿಳಿದ ಸಂಗತಿಗಳ ಪಟ್ಟಿ ವರ್ಕಿಂಗ್ ಮೆಮೊರಿ. ಪಟ್ಟಿಯನ್ನು ನಿಯಮಗಳ ಎದುರಿಗೆ ಹಿಡಿದು ಯಾವುದು ಹೊಂದುತ್ತದೆ ಎಂದು ನೋಡುವ ಪ್ರೋಗ್ರಾಂ ಇನ್‌ಫರೆನ್ಸ್ ಎಂಜಿನ್. ಅದಕ್ಕೆ ಗಾಡಿಯ ಗಂಧವೇ ಇಲ್ಲ. ಈ ಐದು ಸಾಲು ತೆಗೆದು ಮುದ್ರಣಯಂತ್ರದ ನಿಯಮಗಳನ್ನು ಇಟ್ಟರೂ ಅದೇ ಎಂಜಿನ್ ಹಾಗೆಯೇ ಓಡುತ್ತದೆ. ಚಿತ್ರದಲ್ಲಿ ಅವನ್ನು ಬೇರೆ ಬೇರೆ ಚೌಕಗಳಲ್ಲಿ ಬರೆಯುವುದು ಇದಕ್ಕಾಗಿ.

ಮುಮ್ಮುಖವಾಗಿ, ಅಂದರೆ ಫಾರ್ವರ್ಡ್ ಚೈನಿಂಗ್‌ನಲ್ಲಿ, ಸಂಗತಿಗಳಿಂದ ಹೊರಡುತ್ತೇವೆ. ‘ಸ್ಟಾರ್ಟರ್ ತಿರುಗುತ್ತದೆ, ಕಿಡಿ ಇದೆ, ಪ್ಲಗ್ ಒಣಗಿದೆ, ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ’ ಎಂಬ ನಾಲ್ಕು ಸಂಗತಿಗಳನ್ನು ಪಟ್ಟಿಗೆ ಹಾಕಿದಿರಿ. ಮೊದಲ ಸುತ್ತಿನಲ್ಲಿ ನಿಯಮ 4 ಮಾತ್ರ ಹೊಂದುತ್ತದೆ. ಅದು ‘ಪೆಟ್ರೋಲ್ ಬರುತ್ತಿಲ್ಲ’ ಎಂಬ ಐದನೆಯ ಸಂಗತಿಯನ್ನು ಪಟ್ಟಿಗೆ ಸೇರಿಸುತ್ತದೆ. ಎರಡನೆಯ ಸುತ್ತಿನಲ್ಲಿ ಅದರಿಂದಾಗಿ ನಿಯಮ 5 ಹೊಂದುತ್ತದೆ, ‘ಫಿಲ್ಟರ್ ಅಥವಾ ಪಂಪ್’ ಎಂಬ ತೀರ್ಮಾನ ಬರುತ್ತದೆ. ಮೂರನೆಯ ಸುತ್ತಿನಲ್ಲಿ ಹೊಸದಾಗಿ ಹೊಂದುವ ನಿಯಮ ಇಲ್ಲ, ಅಲ್ಲಿಗೆ ನಿಲ್ಲುತ್ತದೆ.

ಹಿಮ್ಮುಖವಾಗಿ, ಬ್ಯಾಕ್‌ವರ್ಡ್ ಚೈನಿಂಗ್‌ನಲ್ಲಿ, ಒಂದು ಊಹೆಯಿಂದ ಹೊರಡುತ್ತೇವೆ. ‘ಫಿಲ್ಟರ್ ಅಥವಾ ಪಂಪ್ ಇರಬಹುದೇ?’ ಅದನ್ನು ಹೇಳುವುದು ನಿಯಮ 5. ಅದಕ್ಕೆ ‘ಪೆಟ್ರೋಲ್ ಬರುತ್ತಿಲ್ಲ’ ಎಂದು ಗೊತ್ತಾಗಬೇಕು. ಅದನ್ನು ಹೇಳುವುದು ನಿಯಮ 4. ಅದರ ಮೊದಲ ಷರತ್ತು ಸ್ಟಾರ್ಟರ್. ಅದನ್ನು ತೀರ್ಮಾನಿಸುವ ನಿಯಮ ಯಾವುದೂ ಇಲ್ಲ, ಹಾಗಾಗಿ ಬಳಕೆದಾರರನ್ನೇ ಕೇಳಬೇಕು. ಹೀಗೆ ಪ್ರಶ್ನೆಗಳು ಹುಟ್ಟುತ್ತವೆ. ಮಧ್ಯದಲ್ಲಿ ನೀವು ‘ಇದನ್ನು ಯಾಕೆ ಕೇಳುತ್ತಿದ್ದೀಯ?’ ಎಂದರೆ, ಆ ಹೊತ್ತಿಗೆ ಹಿಡಿದಿರುವ ನಿಯಮವನ್ನೇ ತೋರಿಸಿದರೆ ಸಾಕು, ಅದೇ ಉತ್ತರ.

ಒಂದು ದೋಷ ಇಲ್ಲೇ ಕಾಣುತ್ತದೆ, ಗಮನಿಸಿ. ಹಿಮ್ಮುಖ ಓಟದಲ್ಲಿ ನಮ್ಮ ವ್ಯವಸ್ಥೆ ಪ್ಲಗ್ ಬಿಚ್ಚಿ ನೋಡಲು ಹೇಳಿದ ಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಕೇಳುತ್ತದೆ. ಯಾವ ಮೆಕ್ಯಾನಿಕ್ಕೂ ಹಾಗೆ ಮಾಡುವುದಿಲ್ಲ. ಸುಲಭದ್ದನ್ನು ಮೊದಲು ನೋಡುತ್ತಾರೆ. ಆದರೆ ‘ಸುಲಭದ್ದನ್ನು ಮೊದಲು ಕೇಳು’ ಎಂದು ಅವರು ನಮಗೆ ಹೇಳಲಿಲ್ಲ, ಹೇಳಬೇಕೆಂದು ಅವರಿಗೆ ಹೊಳೆಯಲೂ ಇಲ್ಲ. ನಿಯಮ 5ರಲ್ಲಿ ಎರಡು ಷರತ್ತುಗಳ ಜಾಗ ಅದಲುಬದಲು ಮಾಡಿದರೆ ಈ ಪ್ರಶ್ನೆ ಮೊದಲಿಗೆ ಬರುತ್ತದೆ. ಟ್ಯಾಂಕ್ ಖಾಲಿ ಎಂದು ಉತ್ತರ ಬಂದರೆ ಆಗ ಹೇಳಲು ಒಂದು ನಿಯಮವೇ ಇಲ್ಲ, ಅದು ಇನ್ನೊಂದು ಕೊರತೆ. ಐದು ನಿಯಮಗಳಲ್ಲೇ ಇಷ್ಟು.

ಯಾವುದನ್ನು ಎಲ್ಲಿ ಬಳಸಬೇಕು? ಸಾಧ್ಯವಿರುವ ತೀರ್ಮಾನಗಳು ಕೆಲವೇ ಇದ್ದು, ಮಾಹಿತಿಯನ್ನು ಕೇಳಿ ಕೇಳಿ ಪಡೆಯಬೇಕಾದಲ್ಲಿ ಹಿಮ್ಮುಖ ಒಳ್ಳೆಯದು. ರೋಗನಿದಾನ, ದೋಷಪತ್ತೆ ಇಂಥವು. ಮಾಹಿತಿ ಮೊದಲೇ ಕೈಯಲ್ಲಿದ್ದು, ಅದರಿಂದ ಏನೇನು ಹೊರಡುತ್ತದೋ ನೋಡಬೇಕಾದಲ್ಲಿ ಮುಮ್ಮುಖ. ಬಿಡಿಭಾಗ ಜೋಡಣೆ, ವೇಳಾಪಟ್ಟಿ, ಎಚ್ಚರಿಕೆ ಗಂಟೆಗಳು. ಮುಮ್ಮುಖದಲ್ಲಿ ಒಂದೇ ಸುತ್ತಿಗೆ ಹಲವು ನಿಯಮಗಳು ಹೊಂದಿದರೆ ಯಾವುದನ್ನು ಮೊದಲು ಓಡಿಸಬೇಕು ಎಂಬ ಪ್ರಶ್ನೆ ಏಳುತ್ತದೆ. ಹೆಚ್ಚು ಷರತ್ತು ಇರುವ ನಿಯಮಕ್ಕೆ ಆದ್ಯತೆ, ಈಗಷ್ಟೇ ಸೇರಿದ ಸಂಗತಿಗೆ ಆದ್ಯತೆ, ಒಂದೇ ಸಂಗತಿಗಳ ಮೇಲೆ ಒಂದೇ ನಿಯಮ ಎರಡು ಸಲ ಓಡಕೂಡದು ಎಂಬ ಮೂರು ಕಟ್ಟಳೆಗಳು ಸಾಮಾನ್ಯ. ಕೊನೆಯದನ್ನು ಬಿಟ್ಟರೆ ವ್ಯವಸ್ಥೆ ಅದೇ ನಿಯಮವನ್ನು ಕೊನೆಯಿಲ್ಲದೆ ಸುತ್ತುತ್ತದೆ.

ಪ್ರಶ್ನೆ: ‘ಬ್ಯಾಟರಿ ದೋಷ, ಖಚಿತತೆ 0.8’ ಎಂದು ಒಂದು ಪ್ರೋಗ್ರಾಂ ತೋರಿಸಿತು. ನೂರರಲ್ಲಿ ಎಂಬತ್ತು ಸಲ ಹಾಗೆ ಎಂದು ಅರ್ಥವೇ?

ಉತ್ತರ: ಹಾಗೆ ಓದಿದರೆ ಮೋಸ ಹೋಗುತ್ತೀರಿ. ಅದು ಬಹುಶಃ ಸರ್ಟನ್ಟಿ ಫ್ಯಾಕ್ಟರ್. 1970ರ ದಶಕದ ಆರಂಭದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ಕಟ್ಟಿದ ಮೈಸಿನ್ ಎಂಬ ವೈದ್ಯಕೀಯ ವ್ಯವಸ್ಥೆಯಿಂದ ಈ ಲೆಕ್ಕ ಬಂದಿದೆ. −1 ಎಂದರೆ ಖಂಡಿತ ಅಲ್ಲ, +1 ಎಂದರೆ ಖಂಡಿತ ಹೌದು, 0 ಎಂದರೆ ಏನೂ ಹೇಳಲಾಗದು. ಇದು ಎಣಿಸಿ ತೆಗೆದ ಸಂಖ್ಯೆಯಲ್ಲ, ಪರಿಣತರು ತಮ್ಮ ನಂಬಿಕೆಯ ಬಲವನ್ನು ಅಂದಾಜಿನಲ್ಲಿ ಹೇಳಿದ್ದು.

ಕೂಡುವ ಬಗೆ ಹೀಗೆ. ಹೆಡ್‌ಲೈಟ್ ಮಂಕಾಗಿದ್ದರೆ ಬ್ಯಾಟರಿ ಇಳಿದಿದೆ ಎಂಬುದಕ್ಕೆ 0.6 ಎಂದಿಟ್ಟುಕೊಳ್ಳಿ. ಹಾರ್ನ್ ಕ್ಷೀಣವಾಗಿದ್ದರೆ 0.5. ಎರಡೂ ಕಂಡವು. 0.6ಕ್ಕೆ, ಉಳಿದ 0.4ರಲ್ಲಿ ಅರ್ಧವನ್ನು, ಅಂದರೆ 0.2ನ್ನು ಸೇರಿಸುತ್ತೇವೆ. 0.8 ಆಯಿತು. ಬ್ಯಾಟರಿ ತುಂಬ ಹಳೆಯದು ಎಂಬುದಕ್ಕೆ 0.4 ಇದ್ದರೆ, ಉಳಿದ 0.2ರಲ್ಲಿ ಹತ್ತರಲ್ಲಿ ನಾಲ್ಕು ಪಾಲು ಸೇರಿ 0.88. ಎಷ್ಟು ಪುರಾವೆ ಸೇರಿಸಿದರೂ 1 ದಾಟುವುದಿಲ್ಲ, ಯಾವ ಕ್ರಮದಲ್ಲಿ ಸೇರಿಸಿದರೂ ಮೊತ್ತ ಅದೇ. ಲೆಕ್ಕ ಅಂದವಾಗಿದೆ.

ಈಗ ಬ್ಯಾಟರಿಗೆ ವೋಲ್ಟ್‌ಮೀಟರ್ ಹಿಡಿದಿರಿ, 12.6 ವೋಲ್ಟ್ ತೋರಿಸಿತು. 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ಸುಮ್ಮನಿದ್ದಾಗ ತೋರಿಸುವ ಅಳತೆ ಅದು. ಬ್ಯಾಟರಿ ಇಳಿದಿದೆ ಎಂಬುದಕ್ಕೆ ವಿರುದ್ಧವಾದ ಪುರಾವೆ, −0.7 ಎಂದಿಡೋಣ. ಒಂದು ಪರ, ಒಂದು ವಿರೋಧ ಇದ್ದಾಗ ಮೈಸಿನ್‌ನಿಂದ ಹುಟ್ಟಿದ ಇಮೈಸಿನ್ ಚೌಕಟ್ಟಿನಲ್ಲಿ ಬಳಸುವ ಸೂತ್ರ ಹೀಗಿದೆ: ಎರಡನ್ನೂ ಕೂಡಿಸಿ, ಚಿಹ್ನೆ ಬಿಟ್ಟು ಯಾವುದು ಚಿಕ್ಕದೋ ಅದನ್ನು 1ರಿಂದ ಕಳೆದು, ಬಂದದ್ದರಿಂದ ಭಾಗಿಸಿ. 0.88ರಲ್ಲಿ 0.7 ಕಳೆದರೆ 0.18. ಅದನ್ನು 0.3ರಿಂದ ಭಾಗಿಸಿದರೆ 0.6. ಮೀಟರ್ ಕಣ್ಣಿಗೆ ಕಾಣುವಂತೆ ಬ್ಯಾಟರಿ ತುಂಬಿದೆ ಎನ್ನುತ್ತಿದ್ದರೂ ವ್ಯವಸ್ಥೆ ‘ಬ್ಯಾಟರಿ ಇಳಿದಿದೆ, 0.6’ ಎಂದೇ ಹೇಳುತ್ತಿದೆ!

ತಪ್ಪು ಎಲ್ಲಾಯಿತು? ಹೆಡ್‌ಲೈಟೂ ಹಾರ್ನೂ ಬೇರೆ ಬೇರೆ ಸಾಕ್ಷಿಗಳಲ್ಲ. ಎರಡಕ್ಕೂ ವಿದ್ಯುತ್ ಬರುವುದು ಒಂದೇ ಕಡೆಯಿಂದ. ಬ್ಯಾಟರಿಯ ಟರ್ಮಿನಲ್‌ಗೆ ಪುಡಿ ಕಟ್ಟಿಕೊಂಡು ವಿದ್ಯುತ್ ಸರಿಯಾಗಿ ಹರಿಯದಿದ್ದರೂ ಎರಡೂ ಒಟ್ಟಿಗೇ ಮಂಕಾಗುತ್ತವೆ. ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದೆವು. ಹಾರ್ನಿನ ನಿಯಮ ತೆಗೆದು ಮತ್ತೆ ಲೆಕ್ಕ ಹಾಕಿ: 0.6ಕ್ಕೆ 0.4ರಲ್ಲಿ ಹತ್ತರ ನಾಲ್ಕು ಪಾಲು ಸೇರಿ 0.76, ಅದರಲ್ಲಿ 0.7 ಕಳೆದು 0.3ರಿಂದ ಭಾಗಿಸಿದರೆ 0.2. ಮೈಸಿನ್‌ನಲ್ಲಿ 0.2ಕ್ಕಿಂತ ಹೆಚ್ಚಿದ್ದರೆ ಮಾತ್ರ ಒಂದು ಸಂಗತಿಯನ್ನು ಮುಂದಿನ ತರ್ಕಕ್ಕೆ ಒಯ್ಯುತ್ತಾರೆ. ಅಂದರೆ ಒಂದು ನಿಯಮ ಇದ್ದದ್ದಕ್ಕೂ ಇಲ್ಲದ್ದಕ್ಕೂ ತೀರ್ಮಾನವೇ ತಿರುಗಿಬಿತ್ತು.

ಹಾಗಾಗಿ ಇಂಥ ಸಂಖ್ಯೆಯನ್ನು ತೀರ್ಮಾನಗಳ ಸರದಿ ಹಚ್ಚಲು ಮಾತ್ರ ಬಳಸಿ: ಮೊದಲು ಇದನ್ನು ನೋಡು, ಆಮೇಲೆ ಅದನ್ನು ನೋಡು. ಸಂಭವನೀಯತೆಯೇ ಬೇಕಾದರೆ ಬೇಸಿಯನ್ ನೆಟ್‌ವರ್ಕ್, ಅಂದರೆ ಸಂಗತಿಗಳ ನಡುವಿನ ಸಂಭವನೀಯತೆಯ ನಕ್ಷೆ, ಅದರ ಕಡೆ ಹೋಗಬೇಕು. ಅಲ್ಲಿ ಯಾವುದು ಯಾವುದರ ಮೇಲೆ ನಿಂತಿದೆ ಎಂಬುದನ್ನು ಬಾಣಗಳಿಂದ ತೋರಿಸಲೇಬೇಕಾದ್ದರಿಂದ ಈ ಎರಡು ಸಲದ ಎಣಿಕೆ ತಪ್ಪುತ್ತದೆ.

ಪ್ರಶ್ನೆ: ಮೈಸಿನ್ ವೈದ್ಯರಿಗಿಂತ ಚೆನ್ನಾಗಿತ್ತು ಎಂದು ಓದಿದೆ. ಹಾಗಿದ್ದರೆ ಆಸ್ಪತ್ರೆಗಳಲ್ಲಿ ಏಕೆ ಬಳಸಲಿಲ್ಲ?

ಉತ್ತರ: ನೀವು ಓದಿದ್ದು 1979ರಲ್ಲಿ ಪ್ರಕಟವಾದ ಪರೀಕ್ಷೆಯ ಬಗ್ಗೆ ಇರಬೇಕು. ಮಿದುಳುಪೊರೆಯ ಉರಿಯೂತದ ಹತ್ತು ಪ್ರಕರಣಗಳು. ಮೈಸಿನ್ ಸೇರಿ ಹತ್ತು ಮೂಲಗಳಿಂದ ಚಿಕಿತ್ಸೆಯ ಸಲಹೆ ಪಡೆದರು: ಸೋಂಕುರೋಗ ವಿಭಾಗದ ಐವರು ಬೋಧಕ ವೈದ್ಯರು, ಇನ್ನೂ ಕಲಿಯುತ್ತಿದ್ದ ವೈದ್ಯರು, ಒಬ್ಬ ವಿದ್ಯಾರ್ಥಿ, ಜೊತೆಗೆ ರೋಗಿಗೆ ನಿಜವಾಗಿ ಕೊಟ್ಟ ಚಿಕಿತ್ಸೆ. ಯಾವುದು ಯಾರದೆಂದು ತಿಳಿಸದೆ ಎಂಟು ಪರಿಣತರ ಕೈಗೆ ಕೊಟ್ಟರು. ಮೈಸಿನ್ ಸಲಹೆಗಳಲ್ಲಿ 65 ಶೇಕಡಾ ಒಪ್ಪಿಗೆಯಾದವು. ಬೋಧಕರಲ್ಲಿ ಅತ್ಯುತ್ತಮರಿಗೆ 62.5, ವಿದ್ಯಾರ್ಥಿಗೆ 30. ಇನ್ನೊಂದು ಮಾತು ಇದರಲ್ಲೇ ಅಡಗಿದೆ: ಪರಿಣತರೇ ಪರಿಣತರನ್ನು ಅಷ್ಟಾಗಿ ಒಪ್ಪುವುದಿಲ್ಲ.

ಆದರೂ ಅದು ದಿನನಿತ್ಯದ ಚಿಕಿತ್ಸೆಗೆ ಬರಲಿಲ್ಲ. ವೈದ್ಯರು ಕಂಪ್ಯೂಟರ್ ಟರ್ಮಿನಲ್ ಮುಂದೆ ಕೂತು ಒಂದೊಂದೇ ಉತ್ತರ ಟೈಪ್ ಮಾಡಬೇಕಿತ್ತು, ಒಂದು ಸಮಾಲೋಚನೆಗೆ ಅರ್ಧ ಗಂಟೆಯೇ ಹಿಡಿಯುತ್ತಿತ್ತು. ರೋಗಿಯ ದಾಖಲೆ, ಪ್ರಯೋಗಾಲಯದ ವರದಿ ತಾನಾಗಿ ಒಳಗೆ ಬರುವ ವ್ಯವಸ್ಥೆ ಆಗ ಇರಲಿಲ್ಲ. ಸಲಹೆ ತಪ್ಪಿದರೆ ಹೊಣೆ ಯಾರದು ಎಂಬುದೂ ಬಗೆಹರಿಯಲಿಲ್ಲ. ಗುಣಮಟ್ಟಕ್ಕಿಂತ ಹೆಚ್ಚಾಗಿ ಕೆಲಸದ ಹರಿವಿಗೆ ಹೊಂದದೆ ಹೋದದ್ದೇ ಮುಖ್ಯ ಕಾರಣ ಎಂದು ನಮ್ಮ ಅಭಿಪ್ರಾಯ.

ಇದಕ್ಕೆ ಎದುರಾಗಿ ಎಕ್ಸ್‌ಕಾನ್ ನೋಡಿ. ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ತನ್ನ ವ್ಯಾಕ್ಸ್ ಕಂಪ್ಯೂಟರುಗಳ ಆರ್ಡರ್ ಬಂದಾಗ ಯಾವ ಕೇಬಲ್, ಯಾವ ಪೆಟ್ಟಿಗೆ, ಯಾವ ಕಾರ್ಡ್ ಎಲ್ಲಿ ಎಂದು ಪರಿಶೀಲಿಸಲು ಅದನ್ನು 1980ರಿಂದ ಬಳಸಿತು. ಬರೆದವರು ಜಾನ್ ಮೆಕ್‌ಡರ್ಮಟ್. 1986ರ ಹೊತ್ತಿಗೆ 80,000 ಆರ್ಡರುಗಳನ್ನು 95ರಿಂದ 98 ಶೇಕಡಾ ನಿಖರತೆಯಲ್ಲಿ ನೋಡಿತ್ತು. ಆರ್ಡರ್ ಅದಾಗಲೇ ಕಂಪ್ಯೂಟರಿನಲ್ಲಿತ್ತು, ಯಾರೂ ಅರ್ಧ ಗಂಟೆ ಟೈಪ್ ಮಾಡಬೇಕಿರಲಿಲ್ಲ. ಅದರ ಕಷ್ಟ ಬೇರೆ: ಹೊಸ ಯಂತ್ರ, ಹೊಸ ಬಿಡಿಭಾಗ ಬಂದಂತೆಲ್ಲ ನಿಯಮಗಳು ನೂರರ ಲೆಕ್ಕದಿಂದ ಸಾವಿರದ ಲೆಕ್ಕಕ್ಕೆ ಬೆಳೆದವು, ಒಂದನ್ನು ತಿದ್ದಿದರೆ ಇನ್ನೆಲ್ಲೋ ಒಂದು ಕೆಡುತ್ತಿತ್ತು. ಅವನ್ನು ಸುಸ್ಥಿತಿಯಲ್ಲಿಡುವುದಕ್ಕೇ ಒಂದು ತಂಡ ಬೇಕಾಯಿತು.

ಪ್ರಶ್ನೆ: ಕಾಲೇಜಿನ ಪ್ರಾಜೆಕ್ಟ್‌ಗೆ ಒಂದು ಎಕ್ಸ್‌ಪರ್ಟ್ ಸಿಸ್ಟಂ ಮಾಡಬೇಕು. ಎಲ್ಲಿಂದ ಶುರು ಮಾಡಲಿ? ಎಷ್ಟು ನಿಯಮ ಬೇಕು?

ಉತ್ತರ: ಕೋಡಿನಿಂದ ಶುರು ಮಾಡಬೇಡಿ. ಮೊದಲು ವಿಷಯ ಸರಿಯಾಗಿ ಆರಿಸಿಕೊಳ್ಳಿ. ಹಳಬರು ಹೇಳುವ ಒಂದು ಒರೆಗಲ್ಲು ಇದೆ: ಬಲ್ಲವರು ಫೋನಿನಲ್ಲೇ ಕೇಳಿ ಕೇಳಿ ಪರಿಹಾರ ಹೇಳಬಲ್ಲರೇ? ಹೌದಾದರೆ ಆ ವಿಷಯ ತಕ್ಕದ್ದು. ‘ನಾನೇ ಬಂದು ಮುಟ್ಟಿ ನೋಡಬೇಕು’ ಎಂದರೆ ಬಿಡಿ. ಬಲ್ಲವರಿಗೇ ದಿನಗಟ್ಟಲೆ ಹಿಡಿಯುವುದಾದರೂ ಬಿಡಿ. ‘ವೈದ್ಯಕೀಯ ಸಲಹೆ’ ಎಂದು ಇಡೀ ಸಮುದ್ರ ತೆಗೆದುಕೊಳ್ಳಬೇಡಿ. ‘ಒಂದು ಮಾದರಿಯ ಪ್ರಿಂಟರ್ ಏಕೆ ಮುದ್ರಿಸುತ್ತಿಲ್ಲ’ ಎಂಬಷ್ಟು ಕಿರಿದಾಗಿರಲಿ. ತೀರ್ಮಾನಗಳು ಎಂಟು ಹತ್ತು ಇದ್ದರೆ ನಿಯಮಗಳು ನಲವತ್ತು ಐವತ್ತಕ್ಕೆ ನಿಲ್ಲುತ್ತವೆ, ಒಂದು ಪ್ರಾಜೆಕ್ಟ್‌ಗೆ ಅಷ್ಟು ಧಾರಾಳ.

ಆಮೇಲೆ ನಿಜವಾಗಿ ನಡೆದು ಬಗೆಹರಿದ ಮೂವತ್ತು ಪ್ರಕರಣಗಳನ್ನು ಒಟ್ಟು ಮಾಡಿ. ಅದರಲ್ಲಿ ಹತ್ತನ್ನು ಈಗಲೇ ಕವರಿಗೆ ಹಾಕಿ ಮುಚ್ಚಿಡಿ. ಕೊನೆಯ ಪರೀಕ್ಷೆಗೆ ಅವು ಬೇಕು. ನಿಯಮ ಬರೆಯುವಾಗ ನೋಡಿದ ಪ್ರಕರಣದಲ್ಲೇ ಪರೀಕ್ಷಿಸಿದರೆ ಎಲ್ಲವೂ ಸರಿ ಎಂದೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಪರಿಣತರ ಜೊತೆ ಕೂರುವುದು ನಿಜವಾದ ಕೆಲಸ. ‘ನಿಮ್ಮ ನಿಯಮಗಳೇನು?’ ಎಂದು ಕೇಳಿದರೆ ಅವರು ಪುಸ್ತಕದಲ್ಲಿರುವುದನ್ನೇ ಒಪ್ಪಿಸುತ್ತಾರೆ, ಇಲ್ಲವೇ ‘ನೋಡಿದರೆ ಗೊತ್ತಾಗುತ್ತೆ’ ಎನ್ನುತ್ತಾರೆ. ಅವರು ಏನನ್ನೂ ಮುಚ್ಚಿಡುತ್ತಿಲ್ಲ. ವರ್ಷಗಟ್ಟಲೆ ಮಾಡಿದ ಕೆಲಸ ಕೈಗೆ ಇಳಿದು ಮಾತಿನಿಂದ ಜಾರಿರುತ್ತದೆ. ಅದಕ್ಕೆ ಒಂದು ಪ್ರಕರಣವನ್ನು ಮುಂದಿಟ್ಟು, ಬಾಯಿಬಿಟ್ಟು ಯೋಚಿಸುತ್ತ ಬಿಡಿಸಲು ಹೇಳಿ. ಅವರು ಏನನ್ನು ಮೊದಲು ಕೇಳಿದರು, ಯಾವ ಉತ್ತರಕ್ಕೆ ತಲೆಯಾಡಿಸಿ ಮುಂದೆ ಹೋದರು ಎಂಬುದನ್ನೆಲ್ಲ ಬರೆದುಕೊಳ್ಳಿ. ಇನ್ನೊಂದು ಉಪಾಯ ಮೂರು ಮೂರರ ಆಟ. ಮೂರು ಪ್ರಕರಣ ಕೊಟ್ಟು, ‘ಇವುಗಳಲ್ಲಿ ಯಾವ ಎರಡು ಒಂದೇ ತರಹ, ಮೂರನೆಯದು ಯಾವುದರಲ್ಲಿ ಬೇರೆ?’ ಎಂದು ಕೇಳಿ. ಮನಶ್ಶಾಸ್ತ್ರಜ್ಞ ಜಾರ್ಜ್ ಕೆಲಿ 1955ರಲ್ಲಿ ಬೇರೆ ಉದ್ದೇಶಕ್ಕೆ ಕೊಟ್ಟ ವಿಧಾನ ಇದು, ಇಲ್ಲಿ ಅದ್ಭುತವಾಗಿ ಕೆಲಸಕ್ಕೆ ಬರುತ್ತದೆ. ನೇರ ಪ್ರಶ್ನೆಗೆ ಬಾರದ ಲಕ್ಷಣಗಳು ಈ ಹೋಲಿಕೆಯಲ್ಲಿ ತಾನಾಗಿ ಹೊರಬರುತ್ತವೆ.

ಬರೆಯುವಾಗ ಮೂರು ಕಡೆ ಕಾಲು ಜಾರುತ್ತದೆ. ‘ಇಲ್ಲ’ ಮತ್ತು ‘ಗೊತ್ತಿಲ್ಲ’ ಎರಡನ್ನೂ ಬೇರೆ ಬೇರೆ ಇಡಿ. ತರ್ಕದ ನಿಯಮಗಳನ್ನೇ ಪ್ರೋಗ್ರಾಂ ಆಗಿ ಬರೆಯುವ ಪ್ರೊಲಾಗ್ ಭಾಷೆಯಲ್ಲಿ, ಸಾಧಿಸಲಾಗದ್ದೆಲ್ಲ ಸುಳ್ಳು ಎಂದೇ ಲೆಕ್ಕ. ಬಳಕೆದಾರರು ಕಿಡಿ ಇದೆಯೋ ಇಲ್ಲವೋ ನೋಡಿಯೇ ಇಲ್ಲದಿದ್ದರೆ ‘ಕಿಡಿ ಇಲ್ಲ’ ಎಂದು ಹಿಡಿದು ಇಗ್ನಿಷನ್ ದೋಷ ಎಂದುಬಿಡುತ್ತದೆ. ಎರಡನೆಯದು ಹೆಸರುಗಳ ಗೊಂದಲ: ಒಂದು ನಿಯಮದಲ್ಲಿ ‘ಲೈಟ್ ಮಂಕು’, ಇನ್ನೊಂದರಲ್ಲಿ ‘ಹೆಡ್‌ಲೈಟ್ ಮಂದ’ ಎಂದು ಬರೆದರೆ ಯಂತ್ರಕ್ಕೆ ಅವೆರಡೂ ಸಂಬಂಧವೇ ಇಲ್ಲದ ಸಂಗತಿಗಳು; ತಪ್ಪು ತೋರಿಸುವುದೂ ಇಲ್ಲ, ಆ ನಿಯಮ ಮೌನವಾಗಿ ಓಡದೆ ಉಳಿಯುತ್ತದೆ. ಪದಪಟ್ಟಿ ಮೊದಲೇ ಮಾಡಿ ಅದರಿಂದಾಚೆ ಹೋಗಬೇಡಿ. ಮೂರನೆಯದು ಯಾವ ನಿಯಮವೂ ಹೊಂದದಿದ್ದಾಗ ಏನು ಹೇಳಬೇಕು ಎಂಬುದು. ‘ನನ್ನ ತಿಳಿವಳಿಕೆ ಇಲ್ಲಿಗೆ ಮುಗಿಯಿತು’ ಎಂದು ಹೇಳುವ ನಿಯಮವನ್ನು ಮರೆಯದೆ ಬರೆಯಿರಿ. ಪರಿಣತರು ತಮ್ಮ ಎಲ್ಲೆ ಬಲ್ಲರು. ನೀವು ಬರೆಯದ ಹೊರತು ಯಂತ್ರಕ್ಕೆ ಅದು ತಿಳಿಯದು.

ಸಾಧನಗಳ ಮಟ್ಟಿಗೆ, ಮುಮ್ಮುಖಕ್ಕೆ ಕ್ಲಿಪ್ಸ್ ತೆಗೆದುಕೊಳ್ಳಿ. 1980ರ ದಶಕದ ಮಧ್ಯದಲ್ಲಿ ನಾಸಾದ ಜಾನ್ಸನ್ ಬಾಹ್ಯಾಕಾಶ ಕೇಂದ್ರದಲ್ಲಿ ಹುಟ್ಟಿದ್ದು, ಉಚಿತ. ಹಿಮ್ಮುಖಕ್ಕೆ ಎಸ್‌ಡಬ್ಲ್ಯುಐ ಪ್ರೊಲಾಗ್, ಅದೂ ಉಚಿತ.

ಪ್ರಶ್ನೆ: ಪೈಥಾನ್‌ನಲ್ಲಿ ನೂರು ಇಫ್-ಎಲ್ಸ್ ಬರೆದರೆ ಅದೂ ಎಕ್ಸ್‌ಪರ್ಟ್ ಸಿಸ್ಟಂ ಅಲ್ಲವೇ?

ಉತ್ತರ: ಹೊರಗಿನಿಂದ ನೋಡಿದವರಿಗೆ ಒಂದೇ ತರಹ ಕಾಣಬಹುದು. ಆದರೆ ಅಲ್ಲಿ ಜ್ಞಾನವೂ ಅದನ್ನು ಓಡಿಸುವ ಕ್ರಮವೂ ಹೆಣೆದುಕೊಂಡಿರುತ್ತವೆ. ಹೊಸ ಲಕ್ಷಣವೊಂದು ಸೇರಿದರೆ ಯಾವ ಎಲ್ಸ್ ಒಳಗೆ ಹಾಕಬೇಕು ಎಂದು ಇಡೀ ಮರ ಹುಡುಕಬೇಕು. ಹೌದು-ಇಲ್ಲ ಎಂಬ ಹತ್ತು ಪ್ರಶ್ನೆಗಳಿಗೆ 1,024 ಜೋಡಣೆಗಳು, ಇಪ್ಪತ್ತಕ್ಕೆ 10 ಲಕ್ಷ ದಾಟುತ್ತದೆ. ನಿಯಮಗಳನ್ನು ಬಿಡಿಯಾಗಿಟ್ಟರೆ ಪ್ರತಿ ಜೋಡಣೆಗೂ ದಾರಿ ಬರೆಯಬೇಕಿಲ್ಲ, ‘ಏಕೆ’ ಎಂದು ಕೇಳಿದರೆ ತೋರಿಸಲು ಒಂದು ವಾಕ್ಯವೂ ಕೈಯಲ್ಲಿರುತ್ತದೆ. ಹತ್ತು ನಿಯಮಗಳಷ್ಟೇ ಸಾಕು ಎಂದಾದರೆ ಇಫ್-ಎಲ್ಸ್ ಬರೆಯಿರಿ, ತಪ್ಪೇನಿಲ್ಲ.

ಪ್ರಶ್ನೆ: ಎಕ್ಸ್‌ಪರ್ಟ್ ಸಿಸ್ಟಂ ತಾನೇ ಕಲಿಯುತ್ತದೆಯೇ?

ಉತ್ತರ: ಇಲ್ಲ, ಬರೆದಿಟ್ಟಷ್ಟೇ. ಆದರೆ ನಿಯಮಗಳನ್ನೇ ಉದಾಹರಣೆಗಳಿಂದ ಹೊರತೆಗೆಯಬಹುದು. ರಿಷಾರ್ಡ್ ಮಿಖಾಲ್ಸ್ಕಿ ತಮ್ಮ ಸಹೋದ್ಯೋಗಿಯ ಜೊತೆ ಸೋಯಾಬೀನ್ ಗಿಡದ ರೋಗಗಳ ಮೇಲೆ ಇದನ್ನು ಮಾಡಿ 1980ರಲ್ಲಿ ಪ್ರಕಟಿಸಿದರು; ಉದಾಹರಣೆಗಳಿಂದ ಯಂತ್ರ ಕಟ್ಟಿಕೊಂಡ ನಿಯಮಗಳು, ಪರಿಣತರು ಹೇಳಿ ಬರೆಸಿದ ನಿಯಮಗಳಿಗಿಂತ ಹೆಚ್ಚು ಸರಿಯಾದವು. ಉದಾಹರಣೆಗಳಿಂದ ಪ್ರಶ್ನೆಗಳ ಕವಲುಮರ ಕಟ್ಟುವ ರಾಸ್ ಕ್ವಿನ್ಲನ್ ಅವರ ನಿರ್ಣಯವೃಕ್ಷ ವಿಧಾನಗಳೂ ಈ ದಾರಿಯವೇ.

ಪ್ರಶ್ನೆ: ಈಗ ಚಾಟ್‌ಬಾಟ್‌ಗಳೇ ಎಲ್ಲ ಹೇಳುತ್ತವೆ, ಕಾರಣವನ್ನೂ ವಿವರಿಸುತ್ತವೆ. ಹಾಗಿದ್ದರೆ ಈ ಹಳೆಯ ವಿಷಯ ಕಲಿತು ಪ್ರಯೋಜನವೇನು?

ಉತ್ತರ: ‘ಕಾರಣ ವಿವರಿಸುತ್ತದೆ’ ಎಂಬ ಮಾತನ್ನು ಹತ್ತಿರದಿಂದ ನೋಡಬೇಕು. ನಿಯಮದ ವ್ಯವಸ್ಥೆಗೆ ‘ಈ ತೀರ್ಮಾನಕ್ಕೆ ಹೇಗೆ ಬಂದೆ?’ ಎಂದರೆ, ನಿಯಮ 4 ಓಡಿತು, ಅದರಿಂದ ನಿಯಮ 5 ಓಡಿತು ಎಂದು ನಡೆದ ದಾರಿಯನ್ನೇ ತೋರಿಸುತ್ತದೆ. ಅದು ದಾಖಲೆ. ನಿಯಮ 4 ತಪ್ಪಾಗಿದ್ದರೆ ಅದನ್ನೇ ತಿದ್ದಬಹುದು, ನಾಳೆ ಅದೇ ಸಂಗತಿಗಳಿಗೆ ತಿದ್ದಿದ ಉತ್ತರವೇ ಬರುತ್ತದೆ. ಚಾಟ್‌ಬಾಟ್ ಕೊಡುವ ವಿವರಣೆ ಅದೇ ಊಹೆಯ ವಿಧಾನದಿಂದ ಹುಟ್ಟಿದ ಇನ್ನೊಂದು ಪಠ್ಯ. ಒಳಗೆ ನಡೆದದ್ದಕ್ಕೆ ಅದು ಹೊಂದಬಹುದು, ಹೊಂದದೆಯೂ ಇರಬಹುದು. ತಿದ್ದಲು ಕೈ ಇಡುವ ಜಾಗವೂ ಹಾಗೆ ಸಿಗುವುದಿಲ್ಲ.

ಹಾಗೆಂದು ನಿಯಮದ ವಿವರಣೆ ಪೂರ್ಣ ಎಂದು ತಿಳಿಯಬೇಡಿ. ವಿಲಿಯಂ ಕ್ಲಾನ್ಸಿ ಮೈಸಿನ್ ನಿಯಮಗಳನ್ನು ಬಳಸಿ ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ವ್ಯವಸ್ಥೆ ಮಾಡಹೊರಟಾಗ ಇದು ಬಯಲಾಯಿತು. ಎಂಟು ವರ್ಷಕ್ಕಿಂತ ಚಿಕ್ಕ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬಾರದು ಎಂಬ ನಿಯಮವಿದೆ. ಏಕೆ ಎಂದರೆ ಆ ನಿಯಮವನ್ನೇ ಮತ್ತೆ ಓದುತ್ತದೆ. ಆ ಔಷಧ ಬೆಳೆಯುವ ಹಲ್ಲು, ಮೂಳೆಗಳಲ್ಲಿ ಸೇರಿಕೊಂಡು ಹಲ್ಲಿನ ಬಣ್ಣ ಶಾಶ್ವತವಾಗಿ ಕೆಡಿಸುತ್ತದೆ ಎಂಬ ಕಾರಣ ಎಲ್ಲೂ ಬರೆದಿಲ್ಲ. ಕಾರಣ ಬಲ್ಲ ವೈದ್ಯರು ಬೇರೆ ಔಷಧವೇ ಇಲ್ಲದ ಪ್ರಾಣಾಪಾಯದಲ್ಲಿ ನಿಯಮ ಮುರಿದಾರು. ನಿಯಮ ಮಾತ್ರ ಇರುವ ಯಂತ್ರ ಹಾಗೆ ಮಾಡಲಾರದು. ನಿಯಮದ ಜೊತೆಗೆ ಒಂದು ಸಾಲಿನಲ್ಲಿ ಅದರ ಕಾರಣ, ಹೇಳಿದವರು ಯಾರು, ಯಾವ ದಿನ ಎಂದು ಬರೆದಿಡುವ ಅಭ್ಯಾಸ ಇದಕ್ಕಾಗಿಯೇ ಬಂದದ್ದು. ಪ್ರಾಜೆಕ್ಟ್ ಮಾಡುವವರು ಇದನ್ನು ಮೊದಲ ನಿಯಮದಿಂದಲೇ ಪಾಲಿಸಿ.

ಇನ್ನು ಬಳಕೆ. ಹೆಸರು ಬದಲಾಗಿದೆ, ಕೆಲಸ ನಿಂತಿಲ್ಲ. ಎರಡು ಔಷಧ ಒಟ್ಟಿಗೆ ಬರೆದಾಗ ಎಚ್ಚರಿಸುವ ಆಸ್ಪತ್ರೆಯ ಸಾಫ್ಟ್‌ವೇರ್, ತೆರಿಗೆ ಲೆಕ್ಕ, ಸಾಲ ಮತ್ತು ವಿಮೆಯ ಅರ್ಹತೆ ಪರಿಶೀಲನೆ, ಕಾರ್ಖಾನೆಯ ಎಚ್ಚರಿಕೆಗಳು ಇವೆಲ್ಲದರ ಒಳಗೆ ನಿಯಮಗಳ ಎಂಜಿನ್ ಇಂದಿಗೂ ಓಡುತ್ತಿದೆ. ಅಲ್ಲಿ ಅದನ್ನು ಬಿಸಿನೆಸ್ ರೂಲ್ಸ್ ಎನ್ನುತ್ತಾರೆ. ಡ್ರೂಲ್ಸ್ ಎಂಬ ಮುಕ್ತ ತಂತ್ರಾಂಶದ ಬುನಾದಿ ಚಾರ್ಲ್ಸ್ ಫೋರ್ಗಿ 1970ರ ದಶಕದಲ್ಲಿ ರೂಪಿಸಿದ ರೀಟೆ ವಿಧಾನ. ಪ್ರತಿ ಸುತ್ತಿಗೂ ಎಲ್ಲ ನಿಯಮಗಳನ್ನೂ ಎಲ್ಲ ಸಂಗತಿಗಳ ಎದುರು ಹಿಡಿಯದೆ, ಬದಲಾದ ಸಂಗತಿ ಮುಟ್ಟುವ ನಿಯಮಗಳನ್ನಷ್ಟೇ ನೋಡುವುದು ಅದರ ಗುಟ್ಟು.

ನಿಯಮಗಳು, ಚಾಟ್‌ಬಾಟ್ ಎರಡನ್ನೂ ಕೂಡಿಸಲೂಬಹುದು, ಅದು ನಮಗೆ ತುಂಬ ಒಪ್ಪುವ ದಾರಿ. ಬಳಕೆದಾರರು ತಮ್ಮ ಮಾತಿನಲ್ಲಿ ‘ಬೆಳಗ್ಗೆಯಿಂದ ಗಾಡಿ ಕಿರ್ ಅಂತಿದೆ, ಹತ್ತುತ್ತಿಲ್ಲ’ ಎಂದು ಬರೆಯಲಿ. ಅದರಿಂದ ‘ಸ್ಟಾರ್ಟರ್ ತಿರುಗುತ್ತದೆ’ ಎಂಬ ಸಂಗತಿಯನ್ನು ಹೆಕ್ಕುವ ಕೆಲಸ ಚಾಟ್‌ಬಾಟ್ ಒಳಗಿರುವ ಭಾಷಾ ಮಾದರಿಯದು. ತೀರ್ಮಾನ ಮಾತ್ರ ನಿಯಮಗಳದು. ನಡುವೆ ಒಂದು ಹೆಜ್ಜೆ ಬಿಡಬೇಡಿ: ಹೆಕ್ಕಿದ ಸಂಗತಿಗಳನ್ನು ಬಳಕೆದಾರರಿಗೆ ಪಟ್ಟಿಯಾಗಿ ತೋರಿಸಿ ‘ಇದು ಸರಿಯೇ?’ ಎಂದು ಕೇಳಿ ಒಪ್ಪಿಗೆ ಪಡೆದ ಮೇಲೆಯೇ ಎಂಜಿನ್ ಓಡಿಸಿ. ಭಾಷಾ ಮಾದರಿ ಹೇಳದ್ದನ್ನು ಸೇರಿಸಿಬಿಡುವುದು ಹೆಚ್ಚಾಗಿ ಈ ಹೆಜ್ಜೆಯಲ್ಲೇ. ತಪ್ಪು ಸಂಗತಿ ಒಮ್ಮೆ ಪಟ್ಟಿಗೆ ಸೇರಿತೆಂದರೆ ನಿಯಮಗಳು ಅದನ್ನು ನಿಜವೆಂದೇ ಹಿಡಿದು ಕೊನೆಯವರೆಗೂ ಒಯ್ಯುತ್ತವೆ.